ಗೊರಕೆಗೂ ಗಂಡಸ್ತನಕ್ಕೂ ಏನು ನಂಟು? ಕನ್ನಡದಲ್ಲಿ ಹೇಳುವವರು ಯಾರು?



ಈ ಪತ್ರಿಕೆಯಲ್ಲಿ ನೀವು ಗಡಿಯ ವಿಷಯ ಓದಿದ್ದೀರಿ. ಕಾವೇರಿಯ ವಿಷಯ ಓದಿದ್ದೀರಿ. ಬ್ಯಾಂಕಿನ ಚಲನ್, ಅಂಗಡಿಯ ಬೋರ್ಡು, ರೈಲ್ವೆ ಪರೀಕ್ಷೆ ಎಲ್ಲವನ್ನೂ ಓದಿ ರಕ್ತ ಕುದಿಸಿಕೊಂಡಿದ್ದೀರಿ. ಇವತ್ತು ನಾನು ಗಂಡ ಹೆಂಡಿರು ಮಲಗುವ ಕೋಣೆಯ ವಿಷಯ ಬರೆಯುತ್ತಿದ್ದೇನೆ. ಅಲ್ಲಿ ಕನ್ನಡ ಹೋರಾಟಕ್ಕೆ ಏನು ಕೆಲಸ ಎಂದು ನಗಬೇಡಿ. ಪೂರ್ತಿ ಓದಿ. ಆಮೇಲೆ ನಗುವುದಿದ್ದರೆ ನಗಿ.

ವಿಷಯ ಇಷ್ಟೆ. ನಿದ್ದೆಯಲ್ಲಿ ಉಸಿರು ಕಟ್ಟುವ ಒಂದು ಕಾಯಿಲೆ ಇದೆ. ಡಾಕ್ಟರುಗಳು ಅದನ್ನು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನಾವು ಅದನ್ನು ಬರೀ ಗೊರಕೆ ಎಂದು ತಿಳಿದು ನಗುತ್ತೇವೆ, ಕುಂಭಕರ್ಣ ಎಂದು ಅಡ್ಡಹೆಸರಿಡುತ್ತೇವೆ. ಆ ಕಾಯಿಲೆ ಹೃದಯವನ್ನು ಕಾಡುತ್ತದೆ, ರಕ್ತದೊತ್ತಡ ಏರಿಸುತ್ತದೆ. ಅಷ್ಟೇ ಅಲ್ಲ, ಗಂಡು ಹೆಣ್ಣಿನ ಕೂಡುವಿಕೆಯನ್ನೂ ಕೆಡಿಸುತ್ತದೆ. ಇದಕ್ಕೆ ಪರೀಕ್ಷೆ ಇದೆ, ಚಿಕಿತ್ಸೆ ಇದೆ. ಆದರೆ ಈ ಮಾತು ಕನ್ನಡದಲ್ಲಿ ನಮ್ಮ ಕಿವಿಗೆ ಬೀಳುವುದೇ ಅಪರೂಪ. ನಮ್ಮ ಕಿವಿಗೆ ಬೀಳುವುದು ‘ನರದೌರ್ಬಲ್ಯ’ದ ಟೆಂಟಿನವರ ಕನ್ನಡ. ಆ ಕನ್ನಡವನ್ನು ಅಚ್ಚು ಹಾಕಿದವನು ನಾನು!

ಸುಳ್ಳಿಗೆ ಸೊಗಸಾದ ಕನ್ನಡ

ನಾನು ಅರಸೀಕೆರೆ ತಾಲ್ಲೂಕು ಹಾರನಹಳ್ಳಿಯವನು. ಓದಿದ್ದು ಪಿಯುಸಿ. ಕಸುಬು ಪ್ರಿಂಟಿಂಗ್ ಪ್ರೆಸ್. ನಮ್ಮಪ್ಪ 1982ರ ಗೋಕಾಕ್ ಚಳವಳಿಯ ದಿನಗಳಲ್ಲಿ ರಾತ್ರಿಯಿಡೀ ಮೊಳೆ ಜೋಡಿಸಿ, ಟ್ರೆಡಲ್ ತುಳಿದು ಕರಪತ್ರ ಹಾಕಿಕೊಟ್ಟವರು. ಅದೇ ಪ್ರೆಸ್ಸಿನಲ್ಲಿ ಅವರ ಮಗನಾದ ನಾನು ಎಂಥ ಕರಪತ್ರ ಹಾಕಿದೆ ಗೊತ್ತೆ?

‘ನರದೌರ್ಬಲ್ಯವೇ? ದಾಂಪತ್ಯದಲ್ಲಿ ನಿರಾಸೆಯೇ? ಚಿಂತೆ ಬಿಡಿ! ಇಂಥ ತಾರೀಕು, ಇಂಥ ಲಾಡ್ಜು, ಇಷ್ಟನೇ ನಂಬರ್ ರೂಮು. ಒಂದೇ ಭೇಟಿಯಲ್ಲಿ ಪರಿಹಾರ. ಗೌಪ್ಯ ಕಾಪಾಡಲಾಗುವುದು.’

ಹಳದಿ ಕಾಗದ, ಕೆಂಪು ಮಸಿ, ಸಾವಿರಕ್ಕೆ ಇಷ್ಟು ಎಂದು ರೇಟು. ಬಸ್ ಸ್ಟ್ಯಾಂಡಿನ ಗೋಡೆಗೆ, ರೈಲ್ವೆ ಸ್ಟೇಷನ್ ಹತ್ತಿರದ ಕಂಬಕ್ಕೆ, ಸಾರ್ವಜನಿಕ ಮೂತ್ರಿಯ ಒಳಗೆ ಅಂಟಿಸಿ ಹೋಗುತ್ತಿದ್ದರು. ತಪ್ಪಿಲ್ಲದ ಕನ್ನಡ ಬೇಕು ಎಂದು ಎರಡು ಸಲ ಪ್ರೂಫ್ ನೋಡುತ್ತಿದ್ದರು! ‘ಅಡಿಯಲ್ಲಿ ಪ್ರೆಸ್ ಹೆಸರು ಮಾತ್ರ ಹಾಕಬೇಡಿ ಸ್ವಾಮಿ’ ಎನ್ನುತ್ತಿದ್ದರು. ನಾನೂ ಹಾಕುತ್ತಿರಲಿಲ್ಲ. ಹಣ ಎಣಿಸಿಕೊಳ್ಳುತ್ತಿದ್ದೆ.

ಹೆಸರು ಯಾಕೆ ಬೇಡ ಎನ್ನುತ್ತಿದ್ದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ನಮ್ಮ ದೇಶದಲ್ಲಿ 1954ರಿಂದಲೇ ಒಂದು ಕಾನೂನಿದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆ ಎಂದು ಅದರ ಹೆಸರು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದು ಅದರ 3ನೇ ಕಲಮಿನ ಪ್ರಕಾರ ಅಪರಾಧ. ಅಚ್ಚು ಹಾಕಿದವನೂ ಆ ಜಾಹೀರಾತಿನಲ್ಲಿ ಪಾಲುಗೊಂಡಂತೆ ಎಂದು ಅದೇ ಕಾಯ್ದೆ ಹೇಳುತ್ತದೆ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ ಒಂದು ವರ್ಷದವರೆಗೆ. ನನ್ನನ್ನು ಯಾರೂ ಹಿಡಿಯಲಿಲ್ಲ. ಆದರೆ ತಪ್ಪು ತಪ್ಪೇ.

ಗುಂಡಿ ತೋಡಿದವನೇ ಬಿದ್ದ

ನಲವತ್ತು ದಾಟಿದ ಮೇಲೆ ನನ್ನ ಮೈ ಬಂತು, ಕುತ್ತಿಗೆ ದಪ್ಪಗಾಯಿತು, ಗೊರಕೆ ಶುರುವಾಯಿತು. ಪಕ್ಕದ ಮನೆಗೂ ಕೇಳುವಂಥ ಗೊರಕೆ. ನನ್ನ ಹೆಂಡತಿ ಮೊದಲು ಕಿವಿಗೆ ಹತ್ತಿ ಇಟ್ಟುಕೊಂಡಳು. ಆಮೇಲೆ ಚಾಪೆ ಸುತ್ತಿಕೊಂಡು ನಡುಮನೆಯಲ್ಲಿ ಮಗಳ ಪಕ್ಕ ಮಲಗತೊಡಗಿದಳು. ಎಂಟು ಗಂಟೆ ಮಲಗಿ ಎದ್ದರೂ ನನಗೆ ಮೈಯೆಲ್ಲ ಭಾರ, ತಲೆನೋವು. ಹಗಲು ಮೆಷಿನ್ ಮುಂದೆ ನಿಂತೇ ತೂಕಡಿಕೆ. ಮಾತುಮಾತಿಗೆ ಸಿಟ್ಟು. ಇನ್ನು ಆ ವಿಷಯ... ಮನಸ್ಸೂ ಇಲ್ಲ, ಮನಸ್ಸು ಬಂದ ದಿನ ಮೈ ಕೇಳುವುದಿಲ್ಲ.

ಯಾರಿಗೆ ಹೇಳುವುದು? ಹೆಂಡತಿಗೆ ಹೇಳಲು ನಾಚಿಕೆ, ಗೆಳೆಯರಿಗೆ ಹೇಳಿದರೆ ನಗೆಪಾಟಲು. ಕೊನೆಗೆ ನಾನು ಮಾಡಿದ ಕೆಲಸ ಕೇಳಿ. ನನ್ನ ಪ್ರೆಸ್ಸಿನಲ್ಲೇ ಅಚ್ಚಾದ ಕರಪತ್ರ ಹಿಡಿದುಕೊಂಡು, ಬೇರೆ ಊರಿನ ಲಾಡ್ಜಿಗೆ ಹೋಗಿ, 4,500 ರೂಪಾಯಿ ಕೊಟ್ಟು ಪುಡಿ ತಂದೆ! ಸುಳ್ಳು ಎಂದು ಗೊತ್ತಿದ್ದವನೇ ನಂಬಿದೆ. ಯಾಕೆ? ನನ್ನ ಸಂಕಟವನ್ನು ನನ್ನ ಭಾಷೆಯಲ್ಲಿ ಹೇಳಿದ್ದು ಲೋಕದಲ್ಲಿ ಆ ಒಂದು ಕಾಗದ ಮಾತ್ರ. ಪುಡಿಯಿಂದ ಎದೆ ಡವಡವ ಎಂದಿತು, ಮುಖ ಬಿಸಿಯಾಯಿತು. ಬೇರೇನೂ ಆಗಲಿಲ್ಲ.

ಒಂದು ರಾತ್ರಿ ನೀರು ಕುಡಿಯಲು ಎದ್ದ ಹೆಂಡತಿ ಕೋಣೆಯ ಬಾಗಿಲಲ್ಲಿ ನಿಂತಳು. ಬೆಳಿಗ್ಗೆ ಹೇಳಿದಳು: ‘ರೀ, ನಿಮ್ಮ ಗೊರಕೆ ಇದ್ದಕ್ಕಿದ್ದಂಗೆ ನಿಂತೋಯ್ತು ಕಣ್ರೀ. ಉಸಿರೇ ಇರಲಿಲ್ಲ. ನಾನು ಒಂದು ಎರಡು ಅಂತ ಇಪ್ಪತ್ತೈದು ಎಣಿಸಿದೆ. ಆಮೇಲೆ ನೀರಲ್ಲಿ ಮುಳುಗಿ ಎದ್ದೋರ ಥರ ಗಕ್ಕಂತ ಉಸಿರೆಳ್ಕೊಂಡ್ರಿ. ಮತ್ತೆ ಅದೇ. ನಂಗೆ ಕೈಕಾಲೇ ಆಡಲಿಲ್ಲ.’

ನನ್ನ ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಯಾವ ಸ್ಪೆಷಲಿಸ್ಟೂ ಅಲ್ಲ. ಏಳನೇ ಕ್ಲಾಸು ಓದಿದ ಆ ಹೆಂಗಸು.

ಸಾಕ್ಷಿಯನ್ನು ಹೊರಗೆ ಕೂರಿಸಿದರು

ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋದೆವು. ಹೆಸರು ಬೇಡ. ಕೈಗೆ ಒಂದು ಫಾರಂ ಕೊಟ್ಟರು, ಅಚ್ಚ ಇಂಗ್ಲಿಷು. 1991ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಮಾಡಿದ ಎಂಟು ಪ್ರಶ್ನೆಗಳ ಪಟ್ಟಿ ಅದು. ಹಗಲು ಎಷ್ಟು ನಿದ್ದೆ ಬರುತ್ತದೆ ಎಂದು ಅಳೆಯುವುದಕ್ಕೆ ಒಳ್ಳೆಯ ಅಳತೆಯೇ. ಅದರಲ್ಲಿ ಒಂದು ಪ್ರಶ್ನೆ: ಕಾರಿನಲ್ಲಿ ಹೋಗುವಾಗ ಟ್ರಾಫಿಕ್ಕಿನಲ್ಲಿ ಕೆಲವು ನಿಮಿಷ ನಿಂತರೆ ನಿಮಗೆ ತೂಕಡಿಕೆ ಬರುತ್ತದೆಯೇ? ಹಾರನಹಳ್ಳಿಯಲ್ಲಿ ಎಲ್ಲಿಯ ಟ್ರಾಫಿಕ್ಕು, ನನಗೆಲ್ಲಿಯ ಕಾರು! ಸೊನ್ನೆ ಹಾಕಿದೆ. ‘ಅರಸೀಕೆರೆ ಬಸ್ಸು ಹತ್ತಿ ಕೂತರೆ ಎಷ್ಟು ಹೊತ್ತಿಗೆ ನಿದ್ದೆ ಬರುತ್ತೆ ಯಜಮಾನರೇ?’ ಎಂದು ಕೇಳಿದ್ದರೆ, ಬಸ್ಸು ಸ್ಟ್ಯಾಂಡು ಬಿಡುವ ಮುಂಚೆಯೇ ಎನ್ನುತ್ತಿದ್ದೆ.

ಒಳಗೆ ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರು, ನಾನು ಬಂದಷ್ಟು ಇಂಗ್ಲಿಷಿನಲ್ಲಿ ಉತ್ತರಿಸಿದೆ. ‘ರಾತ್ರಿ ಉಸಿರು ನಿಲ್ಲುತ್ತದೆಯೇ?’ ಎಂಬ ಪ್ರಶ್ನೆಗೆ ಗೊತ್ತಿಲ್ಲ ಎಂದೆ. ನಿದ್ದೆಯಲ್ಲಿದ್ದವನಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದವಳು ಹೊರಗೆ ಬೆಂಚಿನ ಮೇಲೆ ಬ್ಯಾಗು ಹಿಡಿದು ಕೂತಿದ್ದಳು. ಅವಳನ್ನು ಯಾರೂ ಕರೆಯಲಿಲ್ಲ. ಸುಸ್ತಿಗೆ ವಿಟಮಿನ್ ಬರೆದುಕೊಟ್ಟು ಕಳಿಸಿದರು.

ಗೆಳೆಯರೇ, ನಾನು ಹೇಳಬೇಕಾದ ಮುಖ್ಯ ಮಾತು ಇದು. ಬೇರೆ ಕಾಯಿಲೆಯಲ್ಲಿ ನೋವು ಎಲ್ಲಿದೆ ಎಂದು ರೋಗಿಯೇ ಹೇಳುತ್ತಾನೆ. ಈ ಕಾಯಿಲೆಗೆ ಸಾಕ್ಷಿ ಪಕ್ಕದಲ್ಲಿ ಮಲಗುವವರು. ನಮ್ಮೂರುಗಳಲ್ಲಿ ಆ ಸಾಕ್ಷಿ ನುಡಿಯುವುದು ಕನ್ನಡದಲ್ಲಿ. ಕನ್ನಡಕ್ಕೆ ಬಾಗಿಲು ಹಾಕಿದ ಡಾಕ್ಟರ ಕೋಣೆ ಸಾಕ್ಷಿಯ ಬಾಯಿ ಮುಚ್ಚಿದ ಕೋರ್ಟಿದ್ದಂತೆ. ತೀರ್ಪು ಸರಿಯಾಗಿ ಬರುವುದು ಹೇಗೆ?

ಆರು ತಿಂಗಳಾದ ಮೇಲೆ ಇನ್ನೊಬ್ಬ ಡಾಕ್ಟರು ಸಿಕ್ಕರು. ಇವರು ಮೊದಲು ಕೇಳಿದ್ದೇ ಹೆಂಡತಿಯನ್ನು: ‘ಏನಮ್ಮಾ, ರಾತ್ರಿ ಇವರು ಹೇಗೆ ಮಲಗ್ತಾರೆ?’ ಅವಳು ಹೇಳಿದಳು. ಎರಡು ನಿಮಿಷಕ್ಕೆ ವಿಷಯ ಮುಗಿಯಿತು. ರಾತ್ರಿ ಮೈಗೆ ವೈರು ಕಟ್ಟಿ ಮಲಗಿಸಿ ಪರೀಕ್ಷೆ ಮಾಡಿದರು. ಗಂಟೆಗೆ 42 ಸಲ ನನ್ನ ಉಸಿರಿಗೆ ಅಡ್ಡಿಯಾಗುತ್ತಿತ್ತು. ಗಂಟೆಗೆ 5ರಿಂದ 15 ಇದ್ದರೆ ಸಣ್ಣದು, 15ರಿಂದ 30 ಮಧ್ಯಮ, 30 ದಾಟಿದರೆ ಜೋರು ಎಂದು ಅವರ ಲೆಕ್ಕ.

ಮೈಯೊಳಗೆ ಏನಾಗುತ್ತದೆ?

ಅವರು ಕನ್ನಡದಲ್ಲಿ ಹೇಳಿದ್ದನ್ನೂ ಆಮೇಲೆ ನಾನು ಓದಿ ತಿಳಿದದ್ದನ್ನೂ ಹೇಳುತ್ತೇನೆ.

ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ, ನಾಲಗೆ ಹಿಂದಕ್ಕೆ ಸರಿಯುತ್ತದೆ. ದಾರಿ ಕಿರಿದಾದರೆ ಗೊರಕೆ. ಪೂರ್ತಿ ಮುಚ್ಚಿದರೆ ಉಸಿರೇ ಬಂದ್. ಹತ್ತು ಸೆಕೆಂಡು, ಕೆಲವರಿಗೆ ಅರ್ಧ ನಿಮಿಷಕ್ಕೂ ಮೇಲೆ. ಎದೆ ಎಳೆಯುತ್ತಿರುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಯಾಗಿ ಒಂದು ಕ್ಷಣ ಎಬ್ಬಿಸುತ್ತದೆ, ಉಸಿರು ಬರುತ್ತದೆ, ಮತ್ತೆ ನಿದ್ದೆ, ಮತ್ತೆ ಬಂದ್. ಬೆಳಿಗ್ಗೆ ಇದೊಂದೂ ನೆನಪಿರುವುದಿಲ್ಲ. ರಾತ್ರಿಯಿಡೀ ಮೈ ಮಲಗಿದ್ದು ಸುಳ್ಳು, ಓಡಿದ್ದು ನಿಜ.

ಕೂಡುವಿಕೆಗೂ ಇದಕ್ಕೂ ನಂಟೇನು? ಒಂದು, ಗಂಡು ಹಾರ್ಮೋನು ಟೆಸ್ಟೋಸ್ಟಿರಾನ್ ಹೆಚ್ಚಾಗಿ ಏರುವುದು ನಿದ್ದೆಯಲ್ಲೇ. ನಿದ್ದೆ ಚೂರುಚೂರಾದರೆ ಅದಕ್ಕೂ ಪೆಟ್ಟು. ಎರಡು, ಆರೋಗ್ಯವಂತ ಗಂಡಸಿಗೆ ಕನಸು ಬೀಳುವ ನಿದ್ದೆಯ ಹೊತ್ತಿನಲ್ಲಿ ತಾನಾಗಿ ನಿಮಿರುವುದು ಸಹಜ. ಆ ಅಂಗಕ್ಕೆ ರಕ್ತ ಹರಿದು ಅದು ಸುಸ್ಥಿತಿಯಲ್ಲಿ ಉಳಿಯಲು ಇದು ನೆರವಾಗುತ್ತದೆ ಎನ್ನುತ್ತಾರೆ. ಉಸಿರು ಕಟ್ಟುವುದು ಜೋರಾಗುವುದೂ ಅದೇ ಹೊತ್ತಿನಲ್ಲಿ. ಮೂರು, ನಿಮಿರಬೇಕಾದರೆ ರಕ್ತನಾಳ ಹಿಗ್ಗಬೇಕು, ಹಿಗ್ಗಲು ನೈಟ್ರಿಕ್ ಆಕ್ಸೈಡ್ ಎಂಬ ವಸ್ತು ಬೇಕು. ಆಮ್ಲಜನಕ ಪದೇಪದೇ ಇಳಿದರೆ ಅದರ ತಯಾರಿಕೆ ಕುಗ್ಗುತ್ತದೆ. ನಾಲ್ಕನೆಯದು ಯಂತ್ರಕ್ಕೆ ಸಿಗುವಂಥದ್ದಲ್ಲ. ಒಬ್ಬರು ಕೋಣೆಯಲ್ಲಿ, ಇನ್ನೊಬ್ಬರು ನಡುಮನೆಯಲ್ಲಿ ವರ್ಷಗಟ್ಟಲೆ ಮಲಗಿದರೆ ಮಾತೂ ದೂರ, ಮೈಯೂ ದೂರ.

ಇದು ಗಂಡಸರದು ಮಾತ್ರ ಎಂದುಕೊಂಡರೆ ಅದೂ ತಪ್ಪು. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಈ ಕಾಯಿಲೆ ಹೆಚ್ಚು. ಅಂಡಾಶಯದಲ್ಲಿ ನೀರುಗುಳ್ಳೆಯ ತೊಂದರೆ, ಪಿಸಿಓಡಿ ಎನ್ನುತ್ತಾರಲ್ಲ, ಅದಿರುವ ಚಿಕ್ಕ ವಯಸ್ಸಿನವರಿಗೂ ಬರಬಹುದು. ಅವರಲ್ಲಿ ಗೊರಕೆಗಿಂತ ಸುಸ್ತು, ತಲೆನೋವು, ನಿದ್ದೆ ಬಾರದಿರುವುದು, ಆಸೆಯೇ ಇಲ್ಲದಿರುವುದು ಎದ್ದು ಕಾಣುತ್ತದೆ. ‘ರಕ್ತ ಕಮ್ಮಿ, ಚಿಂತೆ ಜಾಸ್ತಿ’ ಎಂದು ಟಾನಿಕ್ ಕೊಟ್ಟು ಕಳಿಸುತ್ತಾರೆ. ‘ಗಂಡನ ಮೇಲೆ ಮನಸ್ಸಿಲ್ಲ’ ಎಂದು ಮನೆಯವರು ಚುಚ್ಚುತ್ತಾರೆ.

ಎಷ್ಟು ಜನಕ್ಕೆ ಇದೆ? ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ, ಹಿಂದೆ ನಡೆದ ಅಧ್ಯಯನಗಳನ್ನು ಒಟ್ಟು ಹಾಕಿ ಲೆಕ್ಕ ತೆಗೆದರು. ದುಡಿಯುವ ವಯಸ್ಸಿನ ಭಾರತೀಯರಲ್ಲಿ ಸುಮಾರು 10 ಕೋಟಿ 40 ಲಕ್ಷ ಮಂದಿ! ಗಂಡಸರಲ್ಲಿ ನೂರಕ್ಕೆ 13, ಹೆಂಗಸರಲ್ಲಿ ನೂರಕ್ಕೆ 5. ದ್ವಾರಕೀಶರ ‘ಆಫ್ರಿಕಾದಲ್ಲಿ ಶೀಲಾ’ ಚಿತ್ರಕ್ಕೆ ಸಂಗೀತ ಕೊಟ್ಟ ಬಪ್ಪಿ ಲಹಿರಿ 2022ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಆಸ್ಪತ್ರೆಯವರು ಹೇಳಿದ್ದೂ ಈ ಕಾಯಿಲೆಯ ಹೆಸರನ್ನೇ.

ನಗರದ ತಮ್ಮಂದಿರಿಗೆ ಒಂದು ಮಾತು

ನಮ್ಮೂರಿಂದ ಪೀಣ್ಯಕ್ಕೆ, ವೈಟ್‌ಫೀಲ್ಡಿಗೆ ಹೋದ ಹುಡುಗರನ್ನು ಹಬ್ಬಕ್ಕೆ ಬಂದಾಗ ನೋಡುತ್ತೇನೆ. ರಾತ್ರಿ ಪಾಳಿ, ಕೂತೇ ಕೆಲಸ, ಹೊರಗಿನ ಊಟ, ವಾರಕ್ಕೆರಡು ಬಿಯರು. ಇಪ್ಪತ್ತೆಂಟಕ್ಕೇ ಹೊಟ್ಟೆ, ಕುತ್ತಿಗೆ ದಪ್ಪ. ಮದುವೆಯಾಗಿ ವರ್ಷ ತುಂಬುವುದರೊಳಗೆ ಮೊಬೈಲಿನಲ್ಲಿ ಕದ್ದು ‘ಶಕ್ತಿ ಮಾತ್ರೆ’ ಹುಡುಕುತ್ತಾರೆ. ಆಗಿನ ಹಳದಿ ಕರಪತ್ರ ಈಗ ಅಂಗೈಗೇ ಬಂದಿದೆ, ಅಷ್ಟೇ ವ್ಯತ್ಯಾಸ.

ಎಚ್ಚರ! ಗಿಡಮೂಲಿಕೆ ಎಂದು ಮಾರುವ ಇಂಥ ಎಷ್ಟೋ ಪುಡಿಗಳಲ್ಲಿ ವಯಾಗ್ರದ ಮದ್ದು ಸಿಲ್ಡೆನಾಫಿಲ್ ಕದ್ದು ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ. ಎದೆನೋವಿಗೆ ನಾಲಗೆಯಡಿ ಇಡುವ ನೈಟ್ರೇಟ್ ಮಾತ್ರೆಯ ಜೊತೆ ಅದು ಸೇರಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರುತ್ತದೆ. ಜಿಮ್ಮಿನವರು ಹೇಳಿದರೆಂದು ಗಂಡು ಹಾರ್ಮೋನಿನ ಇಂಜೆಕ್ಷನ್ ಚುಚ್ಚಿಸಿಕೊಂಡರೆ ಉಸಿರು ಕಟ್ಟುವುದು ಜಾಸ್ತಿಯಾಗಬಹುದು, ವೀರ್ಯಾಣು ತಯಾರಿಕೆಯೂ ಕುಗ್ಗುತ್ತದೆ. ನಿದ್ದೆ ಮಾತ್ರೆ, ಮಲಗುವ ಮುಂಚಿನ ಕುಡಿತ ಗಂಟಲನ್ನು ಇನ್ನೂ ಸಡಿಲ ಮಾಡುತ್ತವೆ.

ಹಾಗೆಂದು ಗೊರಕೆ ಹೊಡೆಯುವವರಿಗೆಲ್ಲ ಈ ಕಾಯಿಲೆ ಇದೆ ಎಂದಲ್ಲ. ನಿಮಿರದಿರುವುದಕ್ಕೆಲ್ಲ ಇದೇ ಕಾರಣವೂ ಅಲ್ಲ. ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸಿಗರೇಟು, ಕೆಲವು ಮಾತ್ರೆಗಳು, ಮನಸ್ಸಿನ ಕೊರಗು ಎಲ್ಲವೂ ಕಾರಣವಾಗಬಹುದು. ಆದರೆ ಜೋರು ಗೊರಕೆ, ನಡುವೆ ಉಸಿರು ನಿಲ್ಲುವುದು, ಹಗಲು ತೂಕಡಿಕೆ, ಜೊತೆಗೆ ಈ ತೊಂದರೆ ಇದ್ದರೆ ಲಾಡ್ಜಿಗೆ ಹೋಗಬೇಡಿ, ಆಸ್ಪತ್ರೆಗೆ ಹೋಗಿ. ಶ್ವಾಸಕೋಶದ ಡಾಕ್ಟರು, ಇಲ್ಲವೇ ಕಿವಿ ಮೂಗು ಗಂಟಲಿನ ಡಾಕ್ಟರಿಂದ ಶುರು ಮಾಡಿ. ಜೊತೆಗೆ ಮಲಗುವವರನ್ನು ಕರೆದುಕೊಂಡೇ ಹೋಗಿ.

ಚಿಕಿತ್ಸೆಯಲ್ಲಿ ದೊಡ್ಡದು ಸಿಪ್ಯಾಪ್ ಎಂಬ ಪುಟ್ಟ ಯಂತ್ರ. ಮೂಗಿಗೆ ಮಾಸ್ಕು ಹಾಕಿ, ಗಾಳಿಯನ್ನು ಒತ್ತಿ ಬಿಟ್ಟು, ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಕಾಲಿನ್ ಸುಲ್ಲಿವನ್ ಎಂಬ ವೈದ್ಯರು 1981ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಮೈ ಇಳಿಸುವುದೂ ಚಿಕಿತ್ಸೆಯೇ. ಮಗ್ಗುಲಾಗಿ ಮಲಗುವುದು ಕೆಲವರಿಗೆ ನೆರವಾಗುತ್ತದೆ. ಕೆಲವರಿಗೆ ದವಡೆಗೆ ಹಾಕುವ ಪಟ್ಟಿ, ಕೆಲವರಿಗೆ ಆಪರೇಷನ್. ಯಂತ್ರ ಬಳಸಿದವರಲ್ಲಿ ನಿಮಿರುವಿಕೆ ಸುಧಾರಿಸಿದ್ದನ್ನು ಹಲವು ಅಧ್ಯಯನಗಳು ಕಂಡಿವೆ. ಎಲ್ಲರಿಗೂ ಆಗುತ್ತದೆ ಎಂದಲ್ಲ. ಹಾರ್ಮೋನು ತಾನಾಗಿ ಏರಿಬಿಡುತ್ತದೆ ಎಂದೂ ಅಲ್ಲ. ಒಂದೇ ಭೇಟಿಯಲ್ಲಿ ಪರಿಹಾರ ಎಂದು ನಾನು ಇನ್ನೊಮ್ಮೆ ಅಚ್ಚು ಹಾಕುವುದಿಲ್ಲ!

ನನ್ನದು ಹೇಳುತ್ತೇನೆ. ಯಂತ್ರ ಬಂತು, ಒಂಬತ್ತು ಕೆ.ಜಿ. ಇಳಿಸಿದೆ. ಮೊದಲ ವಾರ ಮಾಸ್ಕು ಹಾಕಿದ ನನ್ನ ಮುಖ ನೋಡಿ ಮಗಳು ಬಿದ್ದುಬಿದ್ದು ನಕ್ಕಳು. ಟ್ರೆಡಲ್ ಸದ್ದಿನಲ್ಲಿ ಬೆಳೆದವನಿಗೆ ಅದರ ಸುಯ್ಯೆನ್ನುವ ಸದ್ದು ಯಾವ ಲೆಕ್ಕ? ತಿಂಗಳೊಳಗೆ ಹಗಲ ತೂಕಡಿಕೆ ಹೋಯಿತು, ಸಿಟ್ಟು ಇಳಿಯಿತು. ಒಂದು ರಾತ್ರಿ ನಡುಮನೆಯ ಚಾಪೆ ಮತ್ತೆ ಕೋಣೆಗೆ ಬಂತು. ಉಳಿದದ್ದು ಸರಿಹೋಗಲು ಇನ್ನೂ ನಾಲ್ಕೈದು ತಿಂಗಳು ಹಿಡಿಯಿತು. ಅಷ್ಟು ಹೇಳಿದರೆ ಸಾಕು.

ಕನ್ನಡಕ್ಕೆ ಶಕ್ತಿ ಇಲ್ಲವೆ?

ಇಂಥ ವಿಷಯಕ್ಕೆ ಕನ್ನಡದಲ್ಲಿ ಪದ ಇಲ್ಲ ಎನ್ನುವವರಿಗೆ ಒಂದು ಮಾತು. ಡಾ. ಅನುಪಮಾ ನಿರಂಜನ ಎಂಬ ತಾಯಿ ಇದ್ದರು. ‘ದಾಂಪತ್ಯ ದೀಪಿಕೆ’ ಬರೆದರು, ‘ತಾಯಿ ಮಗು’ ಬರೆದರು. ಗಂಡು ಹೆಣ್ಣಿನ ಮೈಯ ವಿಷಯವನ್ನು ಮನೆಮನೆಯ ಹೆಂಗಸರು ಓದುವಂಥ ಕನ್ನಡದಲ್ಲಿ ಹೇಳಿದರು. 1991ರಲ್ಲಿ ಅವರು ತೀರಿಕೊಂಡರು. ಪದ ಇಲ್ಲದ್ದಲ್ಲ, ಹೇಳುವ ಮನಸ್ಸಿಲ್ಲದ್ದು!

ನಮ್ಮೂರ ಲಕ್ಷ್ಮೀನರಸಿಂಹ ದೇವಸ್ಥಾನ 1235ರ ಸುಮಾರಿನದು. ಹಳೇಬೀಡು, ಬೇಲೂರು ನೋಡಲು ಬಂದವರು ಇಲ್ಲಿಗೂ ಬಂದು ಫೋಟೋ ಹೊಡೆದುಕೊಳ್ಳುತ್ತಾರೆ. ಆ ಹೊಯ್ಸಳರು ದಾನ ಕೊಟ್ಟ ಹೊಲದ ಗಡಿ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನೂ ಕಲ್ಲಿನ ಮೇಲೆ ಕನ್ನಡದಲ್ಲಿ ಕೆತ್ತಿಸುತ್ತಿದ್ದರು. ಉಳುವವನಿಗೆ ತಿಳಿಯಬೇಕಲ್ಲ! ಎಂಟುನೂರು ವರ್ಷದ ಹಿಂದೆ ಹೊಲದ ಗಡಿಯನ್ನು ಕನ್ನಡದಲ್ಲಿ ಹೇಳಲು ಆಗುತ್ತಿತ್ತು. ಇವತ್ತು ನನ್ನ ಗಂಟಲಿನ ವಿಷಯವನ್ನು ನನಗೆ ಕನ್ನಡದಲ್ಲಿ ಹೇಳಲು ಆಗುವುದಿಲ್ಲವೆ?

ಕನ್ನಡವನ್ನು ಆಡಳಿತ ಭಾಷೆ ಮಾಡಿದ ಕಾಯ್ದೆ ಬಂದದ್ದು 1963ರಲ್ಲಿ. ಸರ್ಕಾರಿ ವೈದ್ಯರು ಔಷಧದ ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕೆಂದು 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಆರೋಗ್ಯ ಸಚಿವರನ್ನು ಕೇಳಿತು. ಒಳ್ಳೆಯದೇ. ಆದರೆ ಚೀಟಿ ಬರೆಯುವುದು ಕೊನೆಯ ಕೆಲಸ. ಮೊದಲ ಕೆಲಸ ಪ್ರಶ್ನೆ ಕೇಳುವುದು. ಪ್ರಶ್ನೆ ಕನ್ನಡದಲ್ಲಿ ಬರಲಿ. ಆದ್ದರಿಂದ ನಮ್ಮ ಸಂಘಟನೆಗಳು ಹಿಡಿಯಬೇಕಾದ ಬೇಡಿಕೆ ಮೂರು:

1. ಸರ್ಕಾರಿ ಇರಲಿ, ಖಾಸಗಿ ಇರಲಿ, ಕರ್ನಾಟಕದ ಪ್ರತಿ ಆಸ್ಪತ್ರೆ ರೋಗಿಯ ಕೈಗೆ ಕೊಡುವ ಪ್ರಶ್ನೆಪಟ್ಟಿ, ಒಪ್ಪಿಗೆ ಪತ್ರ ಕನ್ನಡದಲ್ಲೂ ಇರಬೇಕು. ರಿಪೋರ್ಟಿನ ಜೊತೆ ಅರ್ಧ ಪುಟದ ಕನ್ನಡ ವಿವರಣೆ ಇರಬೇಕು.

2. ಸಿಪ್ಯಾಪ್‌ನಂಥ ಯಂತ್ರ ಮಾರುವವರು ಬಳಸುವ ವಿಧಾನವನ್ನು ಕನ್ನಡದಲ್ಲಿ ಕೊಡಬೇಕು. ಹತ್ತಾರು ಸಾವಿರ ಕೊಟ್ಟು ಕೊಂಡವನು ಅರ್ಥವಾಗದೆ ಅಟ್ಟದ ಮೇಲೆ ಇಡುವಂತಾಗಬಾರದು.

3. 1954ರ ಕಾಯ್ದೆಯನ್ನು ಗೋಡೆಯ ಕರಪತ್ರಕ್ಕೂ ಮೊಬೈಲ್ ಜಾಹೀರಾತಿಗೂ ಬಿಗಿಯಾಗಿ ಹಾಕಬೇಕು. ಅಚ್ಚು ಹಾಕುವ ನನ್ನಂಥವರನ್ನೂ ಬಿಡಬಾರದು.

ನಿಮ್ಮಲ್ಲಿ ಮೆಡಿಕಲ್ ಓದುವವರಿದ್ದೀರಿ, ನರ್ಸಿಂಗ್ ಓದುವವರಿದ್ದೀರಿ. ಬೋರ್ಡಿಗೆ ಮಸಿ ಬಳಿಯುವ ಉತ್ಸಾಹದಲ್ಲಿ ಅರ್ಧವನ್ನು ಇದಕ್ಕೆ ಕೊಡಿ. ಗೊರಕೆ, ಉಸಿರು, ದಾಂಪತ್ಯ ಈ ಮೂರರ ಮೇಲೆ ಒಂದು ಪುಟ, ನಮ್ಮ ಹಾರನಹಳ್ಳಿಯ ಹೆಣ್ಣುಮಗಳಿಗೂ ತಿಳಿಯುವ ಕನ್ನಡದಲ್ಲಿ ಬರೆದುಕೊಡಿ. ಒಬ್ಬ ತಿಳಿದ ಡಾಕ್ಟರಿಗೆ ತೋರಿಸಿಯೇ ಕೊಡಿ. ಹತ್ತು ಸಾವಿರ ಪ್ರತಿ ನಾನು ಹಾಕಿಕೊಡುತ್ತೇನೆ. ಕಾಗದ ನನ್ನದು, ಮಸಿ ನನ್ನದು, ಕೂಲಿ ಬೇಡ. ಹಳದಿ ಕರಪತ್ರ ಅಂಟಿಸಿದ್ದ ಅದೇ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಾನೇ ಹಂಚುತ್ತೇನೆ.

ಈ ಸಲ ಅಡಿಯಲ್ಲಿ ನನ್ನ ಪ್ರೆಸ್ಸಿನ ಹೆಸರೂ ಇರುತ್ತದೆ.